ಎಳೆಯ ದನಗಳಲ್ಲಿ ದಿಢೀರನೆ ಬರುವ ಹಿಂಗಾಲು ಕುಂಟು

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ರೈತರ ತರಬೇತಿಯಲ್ಲಿ ನೀಡಿದ ಭಾಷಣದ ಪಾಠ)



ನಿನ್ನೆ ಸಂಜೆ ಮೇವಿನಿಂದ ಚಂಗನೆ ನೆಗೆಯುತ್ತ ಬಂದ ಹೋರಿಕರು ಬೆಳಗಾಗುವುದರೊಳಗೆ ಹಿಂಗಾಲನ್ನು ನೆಲಕ್ಕೆ ಊರಲಾರದೆ ನಿಂತಿರುತ್ತದೆ. ಮನೆಯವರು ಎಲ್ಲೋ ಉಳುಕಿರಬೇಕು, ಕಲ್ಲು ತಗುಲಿರಬೇಕು ಎಂದುಕೊಂಡು ಎಣ್ಣೆ ಹಚ್ಚಿ ನೀವುತ್ತಾರೆ. ಒಂದು ದಿನ ನೋಡೋಣ ಎಂದು ಸುಮ್ಮನಾಗುತ್ತಾರೆ. ಬಹಳ ಸಲ ಈ ಊಹೆ ನಿಜವೂ ಆಗಿರುತ್ತದೆ, ನಾಲ್ಕು ದಿನದಲ್ಲಿ ಕರು ಸರಿಹೋಗುತ್ತದೆ. ಆದರೆ ಕೆಲವು ಸಲ ಆ ಒಂದು ದಿನ ಕಾದುದರಿಂದಲೇ ಕರು ಸಾಯುತ್ತದೆ. ಮುಂದೆ ನೊಗಕ್ಕೆ ಬರಬೇಕಾದ ಹೋರಿ, ಹಾಲಿಗೆ ಬರಬೇಕಾದ ಕಡಸು ಎರಡು ಹಗಲು ಕಳೆಯುವ ಮೊದಲೇ ಕೊಟ್ಟಿಗೆ ಬರಿದು ಮಾಡಿ ಹೋಗುತ್ತದೆ. ಒಳ್ಳೆಯ ಜೊತೆ ಹಳ್ಳಿಕಾರ್ ಹೋರಿಗಳಿಗೆ ಇಂದು ಲಕ್ಷ ರೂಪಾಯಿಗೂ ಮೀರಿದ ಬೆಲೆಯಿದೆ. ಒಂದು ಸತ್ತರೆ ಉಳಿದುದಕ್ಕೆ ಜೊತೆ ಹುಡುಕುವುದೂ ಸುಲಭವಲ್ಲ.

ಆದ್ದರಿಂದ ಕುಂಟು ಕಂಡಾಗ ಯಾವುದು ಕಾಯಬಹುದಾದದ್ದು, ಯಾವುದು ಒಂದು ಗಂಟೆಯೂ ಕಾಯಲಾಗದ್ದು ಎಂಬುದನ್ನು ರೈತನು ಗುರುತಿಸಬಲ್ಲವನಾಗಿರಬೇಕು. ಔಷಧಿ ಕೊಡುವುದು ಪಶುವೈದ್ಯರ ಕೆಲಸ. ಹೊತ್ತಿಗೆ ಸರಿಯಾಗಿ ಅವರಿಗೆ ಹೇಳಿಕಳುಹಿಸುವುದು ರೈತನ ಕೆಲಸ.

ಮೊದಲ ಅರ್ಧ ಗಂಟೆಯಲ್ಲಿ ನೋಡಬೇಕಾದುದು

ಕುಂಟುವ ಕರುವನ್ನು ಓಡಿಸಿ, ಹೊಡೆದು ನಡೆಸಿ ಪರೀಕ್ಷೆ ಮಾಡಬಾರದು. ಕಟ್ಟಿದ ಜಾಗದಲ್ಲೇ ನಿಲ್ಲಿಸಿ ಈ ಕೆಳಗಿನ ಕ್ರಮದಲ್ಲಿ ನೋಡಬೇಕು.

ಮೊದಲನೆಯದು, ಮೇವು ಮತ್ತು ಮೆಲುಕು. ಕಾಲು ನೋಯುತ್ತಿದ್ದರೂ ಕರು ಮೇವಿಗೆ ಬಾಯಿ ಹಾಕುತ್ತಿದೆಯೆ, ಮೆಲುಕು ಹಾಕುತ್ತಿದೆಯೆ ಎಂದು ಗಮನಿಸಬೇಕು. ಬರೀ ಉಳುಕಿದ ದನ ಮೇವು ಬಿಡುವುದು ಅಪರೂಪ. ತಲೆ ತಗ್ಗಿಸಿ, ಕಿವಿ ಜೋಲುಬಿಟ್ಟು, ಮೆಲುಕು ನಿಲ್ಲಿಸಿ ನಿಂತಿದ್ದರೆ ತೊಂದರೆ ಕಾಲಿನಲ್ಲಷ್ಟೇ ಇಲ್ಲವೆಂದು ತಿಳಿಯಬೇಕು.

ಎರಡನೆಯದು, ಜ್ವರ. ಪ್ರತಿಯೊಂದು ದನದ ಕೊಟ್ಟಿಗೆಯಲ್ಲೂ ಒಂದು ಥರ್ಮಾಮೀಟರ್ ಇರಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಸಾಧಾರಣ ಥರ್ಮಾಮೀಟರ್ ಸಾಕು. ಅದಕ್ಕೊಂದು ದಾರ ಕಟ್ಟಿ, ತುದಿಗೆ ಸ್ವಲ್ಪ ಎಣ್ಣೆ ಸವರಿ, ಗುದದ್ವಾರದಲ್ಲಿ ಒಳಗೋಡೆಗೆ ತಾಗುವಂತೆ ಎರಡು ನಿಮಿಷ ಹಿಡಿಯಬೇಕು. ಆರೋಗ್ಯವಾಗಿರುವ ದನದ ಮೈಶಾಖ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಎಳೆಗರುಗಳಲ್ಲಿ ಇದಕ್ಕಿಂತ ತುಸು ಹೆಚ್ಚಿರಬಹುದು. 104 ದಾಟಿದರೆ ಅದು ಜ್ವರವೇ.

ಮೂರನೆಯದು, ಕೈಯಿಂದ ಮುಟ್ಟಿ ನೋಡುವುದು. ಗೊರಸಿನಿಂದ ಆರಂಭಿಸಿ ಮೇಲಕ್ಕೆ ಮಂಡಿ, ತೊಡೆ, ಚಪ್ಪೆಯವರೆಗೆ ಅಂಗೈಯಿಂದ ಒತ್ತುತ್ತ ಹೋಗಬೇಕು. ಎದುರಿನ ಕಾಲಿನೊಡನೆ ಹೋಲಿಸಬೇಕು. ಎಲ್ಲಿ ಬಿಸಿ, ಎಲ್ಲಿ ಊತ, ಎಲ್ಲಿ ಒತ್ತಿದಾಗ ಕರು ಕಾಲು ಝಾಡಿಸುತ್ತದೆ ಎಂಬುದು ತಿಳಿಯುತ್ತದೆ.

ನಾಲ್ಕನೆಯದು, ಉಳಿದ ದನಗಳು. ಬೇರೆ ಯಾವುದಾದರೂ ಕುಂಟುತ್ತಿದೆಯೆ, ಯಾವುದರ ಬಾಯಿಂದಲಾದರೂ ಜೊಲ್ಲು ಸುರಿಯುತ್ತಿದೆಯೆ ಎಂದು ನೋಡಬೇಕು.

ಒಂದು ಗಂಟೆಯೂ ಕಾಯಲಾಗದ ಕುಂಟು: ಚಪ್ಪೆ ರೋಗ

ಆರು ತಿಂಗಳಿಂದ ಎರಡು ವರ್ಷದೊಳಗಿನ, ಮೈ ತುಂಬಿಕೊಂಡ, ಮಂದೆಯಲ್ಲೇ ಚೆನ್ನಾಗಿ ಬೆಳೆದಿರುವ ಕರು ಇದ್ದಕ್ಕಿದ್ದಂತೆ ಹಿಂಗಾಲು ಕುಂಟಿದರೆ ಮೊದಲು ನೆನೆಯಬೇಕಾದುದು ಚಪ್ಪೆ ರೋಗವನ್ನು. ತೊಡೆ, ಚಪ್ಪೆ, ಭುಜಗಳಂಥ ದಪ್ಪ ಮಾಂಸಖಂಡಗಳಲ್ಲಿ ಇದು ಕಾಣಿಸಿಕೊಳ್ಳುವುದರಿಂದ ಈ ಹೆಸರು ಬಂದಿದೆ. ರೋಗಾಣುವಿನ ಹೆಸರು ಕ್ಲಾಸ್ಟ್ರಿಡಿಯಮ್ ಚೋವಿಯೈ. ಇದು ಗಾಳಿಯಿಲ್ಲದ ಕಡೆ ಬೆಳೆಯುವ ಜೀವಿ. ಮಾಂಸಖಂಡದೊಳಗೆ ಬೆಳೆಯುತ್ತ ವಿಷವನ್ನೂ ಅನಿಲವನ್ನೂ ಉಂಟುಮಾಡುತ್ತದೆ. ವಿಷವು ಮಾಂಸವನ್ನು ಕೊಳೆಸಿ ಕಪ್ಪಾಗಿಸುತ್ತದೆ. ಅನಿಲವು ತೊಗಲಿನ ಕೆಳಗೆ ಗುಳ್ಳೆಗಳಾಗಿ ಸೇರಿಕೊಳ್ಳುತ್ತದೆ.

ಮೊದಲು ಊತ ಚಿಕ್ಕದಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುವಂತಿರುತ್ತದೆ. ಜ್ವರ 106 ಡಿಗ್ರಿಯವರೆಗೂ, ಅದಕ್ಕಿಂತ ಮೇಲೂ ಏರಬಹುದು. ಕೆಲವೇ ಗಂಟೆಗಳಲ್ಲಿ ಊತ ಹರಡುತ್ತದೆ. ಆಮೇಲೆ ಅದರ ನಡುಭಾಗ ತಣ್ಣಗಾಗುತ್ತದೆ, ನೋವು ಇಲ್ಲದಂತಾಗುತ್ತದೆ, ಮೇಲಿನ ತೊಗಲು ಒಣಗಿ ಬಿರುಸಾಗುತ್ತದೆ. ಅಂಗೈಯಿಂದ ಒತ್ತಿದರೆ ಒಣ ಎಲೆಯ ಮೇಲೆ ಕೈಯಿಟ್ಟಂತೆ ಚರಚರ ಎನ್ನುತ್ತದೆ. ಈ ಸದ್ದೇ ಚಪ್ಪೆ ರೋಗದ ಮುಖ್ಯ ಗುರುತು. ಇಷ್ಟು ಹೊತ್ತಿಗೆ ಕರು ಮಲಗಿಬಿಟ್ಟಿರುತ್ತದೆ. ಕುಂಟು ಕಂಡ 12ರಿಂದ 48 ಗಂಟೆಗಳೊಳಗೆ ಸಾವು ಬರುವುದೇ ಹೆಚ್ಚು.

ಇಲ್ಲಿ ಎರಡು ವಿಷಯಗಳಲ್ಲಿ ಮೋಸ ಹೋಗಬಾರದು. ರೋಗ ಬಲಿತ ಮೇಲೆ ಜ್ವರ ಇಳಿದು, ಮೈಶಾಖ ಸಹಜ ಮಟ್ಟಕ್ಕೋ ಅದಕ್ಕಿಂತ ಕೆಳಕ್ಕೋ ಬರಬಹುದು. ಆದ್ದರಿಂದ ಮಂಕಾಗಿರುವ, ಊತವಿರುವ ಕರುವಿಗೆ ಜ್ವರವಿಲ್ಲವೆಂದು ಸಮಾಧಾನಪಡುವಂತಿಲ್ಲ. ಊತದಲ್ಲಿ ನೋವು ಹೋಗಿದೆ ಎಂದರೆ ಗುಣವಾಗುತ್ತಿದೆ ಎಂದೂ ಅರ್ಥವಲ್ಲ. ಆ ಭಾಗ ಸತ್ತಿದೆ ಎಂದು ಅರ್ಥ.

ರೋಗ ಮಣ್ಣಿನಲ್ಲಿದೆ

ಬೆಳೆಯ ರೋಗಗಳಲ್ಲಿ ಮಣ್ಣಿನಿಂದ ಬರುವ ಸೊರಗು ರೋಗವನ್ನು ರೈತರು ಬಲ್ಲರು. ಬೆಳೆ ತೆಗೆದರೂ ರೋಗ ಹೊಲದಲ್ಲೇ ಉಳಿಯುತ್ತದೆ. ಚಪ್ಪೆ ರೋಗವೂ ಇಂಥದೇ. ಇದರ ರೋಗಾಣು ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಟ್ಟು ಬಿಸಿಲು, ಬರಗಳನ್ನೆಲ್ಲ ತಡೆದುಕೊಂಡು ಮಣ್ಣಿನಲ್ಲಿ ಹಲವಾರು ವರ್ಷ ಬದುಕಿರುತ್ತದೆ. ಮಳೆ ಬಿದ್ದು ಹೊಸ ಹುಲ್ಲು ಚಿಗುರಿದಾಗ ದನಗಳು ನೆಲಕ್ಕೆ ಬಾಯಿ ಹಚ್ಚಿ ಮೇಯುತ್ತವೆ. ಹುಲ್ಲಿನೊಡನೆ ಮಣ್ಣೂ, ಮಣ್ಣಿನೊಡನೆ ಬೀಜಾಣುವೂ ಹೊಟ್ಟೆ ಸೇರುತ್ತವೆ. ಅಲ್ಲಿಂದ ರಕ್ತದ ಮೂಲಕ ಮಾಂಸಖಂಡಗಳಿಗೆ ಹೋಗಿ ಸುಮ್ಮನೆ ಕುಳಿತಿರುತ್ತವೆ. ಕರು ಬಹಳ ಓಡಿ ದಣಿದಾಗ, ಗುದ್ದು ತಿಂದಾಗ, ಸಂತೆಯಿಂದ ಲಾರಿಯಲ್ಲಿ ಇಕ್ಕಟ್ಟಾಗಿ ಬಂದು ಮೈ ಜಜ್ಜಿದಾಗ ಆ ಭಾಗದಲ್ಲಿ ರಕ್ತ ಸಂಚಾರ ಕುಗ್ಗಿ ಬೀಜಾಣು ಮೊಳೆಯುತ್ತದೆ. ‘ಏಟು ಬಿದ್ದುದರಿಂದಲೇ ಹೀಗಾಯಿತು’ ಎಂದು ಹಳ್ಳಿಯವರು ಹೇಳುವುದರಲ್ಲಿ ಅರ್ಧ ನಿಜವಿದೆ. ಏಟು ಬಾಗಿಲು ತೆರೆಯಿತು, ಕಳ್ಳ ಮೊದಲೇ ಮನೆಯಲ್ಲಿದ್ದ.

ಕುರಿಗಳಲ್ಲಿ ಈ ರೋಗ ಸಾಮಾನ್ಯವಾಗಿ ಉಣ್ಣೆ ಕತ್ತರಿಸುವಾಗ, ಬೀಜ ಒಡೆಯುವಾಗ, ಮರಿ ಹಾಕುವಾಗ ಆದ ಗಾಯದ ಮೂಲಕ ಬರುತ್ತದೆ.

ನೆಲ ಅಗೆದ ಮೇಲೆ ಮತ್ತು ನೆರೆ ಬಂದು ಇಳಿದ ಮೇಲೆ ಈ ರೋಗ ಕಾಣಿಸಿಕೊಂಡ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಆಳದಲ್ಲಿದ್ದ ಬೀಜಾಣು ಮೇಲೆ ಬರುವುದೇ ಇದಕ್ಕೆ ಕಾರಣ. ನಮ್ಮಲ್ಲಿ ಬೇಸಿಗೆಯಲ್ಲಿ ಕೆರೆಯ ಗೋಡು ತೆಗೆದು ಹೊಲಕ್ಕೆ ಹರಡುವುದುಂಟು. ಗೋಡು ಒಳ್ಳೆಯ ಗೊಬ್ಬರ, ಅದನ್ನು ಬಿಡಬೇಕಾಗಿಲ್ಲ. ಆದರೆ ಹಿಂದೆ ಸತ್ತ ದನಗಳನ್ನು ಎಸೆಯುತ್ತಿದ್ದ ಕೆರೆಯಂಗಳದ ಗೋಡಾದರೆ, ಆ ಹೊಲದ ಬದುಗಳಲ್ಲಿ ಲಸಿಕೆ ಹಾಕಿಸದ ಕರುಗಳನ್ನು ಮೇಯಿಸಬಾರದು.

ಮಾಡಬೇಕಾದುದು, ಮಾಡಬಾರದುದು

ಚಪ್ಪೆ ರೋಗವೆಂದು ಅನುಮಾನ ಬಂದ ಕೂಡಲೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು, ಇಲ್ಲವೆ ಪಶು ಸಹಾಯವಾಣಿ 1962ಕ್ಕೆ ದೂರವಾಣಿ ಮಾಡಬೇಕು. ‘ಕರು ಕುಂಟುತ್ತಿದೆ’ ಎಂದಷ್ಟೇ ಹೇಳಿದರೆ ಸಾಲದು. ಕರುವಿನ ವಯಸ್ಸು, ಜ್ವರ ಎಷ್ಟು, ಊತ ಎಲ್ಲಿದೆ, ಯಾವಾಗಿನಿಂದ, ಲಸಿಕೆ ಹಾಕಿಸಿದೆಯೋ ಇಲ್ಲವೋ ಎಂಬ ಐದು ಮಾತುಗಳನ್ನು ಹೇಳಬೇಕು. ಹೀಗೆ ಹೇಳಿದರೆ ವೈದ್ಯರಿಗೆ ಎಲ್ಲಿಗೆ ಮೊದಲು ಹೊರಡಬೇಕೆಂಬುದು ಗೊತ್ತಾಗುತ್ತದೆ.

ಪೆನಿಸಿಲಿನ್ ಈ ರೋಗಾಣುವನ್ನು ಕೊಲ್ಲಬಲ್ಲ ಔಷಧಿ. ರೋಗದ ಮೊದಲ ಹಂತದಲ್ಲೇ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಕೆಲವು ದನಗಳು ಉಳಿಯುತ್ತವೆ. ಊತ ಚರಗುಟ್ಟಲು ತೊಡಗಿದ ಮೇಲೆ ಉಳಿಯುವ ಭರವಸೆ ಬಹಳ ಕಡಿಮೆ. ಆದ್ದರಿಂದಲೇ ಈ ರೋಗದಲ್ಲಿ ದಿನದ ಲೆಕ್ಕ ನಡೆಯುವುದಿಲ್ಲ, ಗಂಟೆಯ ಲೆಕ್ಕ ನಡೆಯುತ್ತದೆ.

ಊತದ ಮೇಲೆ ಬರೆ ಹಾಕುವುದು ಹಳೆಯ ರೂಢಿ. ಇದರಿಂದ ಪ್ರಾಣಿಗೆ ಹಿಂಸೆಯಾಗುವುದೇ ಹೊರತು ಒಳಗಿನ ವಿಷ ಹೋಗುವುದಿಲ್ಲ. ಊತವನ್ನು ಕೊಯ್ದು ‘ಕೆಟ್ಟ ನೀರು’ ತೆಗೆಯುವುದು ಇನ್ನೂ ಅಪಾಯ. ಆ ನೀರಿನ ಒಂದೊಂದು ಹನಿಯಲ್ಲೂ ರೋಗಾಣುಗಳಿರುತ್ತವೆ. ಅವು ಕೊಟ್ಟಿಗೆಯ ನೆಲಕ್ಕೆ, ಅಲ್ಲಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಹೋಗುತ್ತವೆ. ದೃಷ್ಟಿ ತೆಗೆಯುವವರು ತೆಗೆಯಲಿ, ಹರಕೆ ಹೊರುವವರು ಮಾದಪ್ಪನಿಗೆ ಹರಕೆ ಹೊರಲಿ. ವೈದ್ಯರಿಗೆ ಹೇಳಿಕಳುಹಿಸಿದ ಮೇಲೆ ಆ ಕೆಲಸಗಳಾಗಲಿ.

ಚಪ್ಪೆ ರೋಗ ಒಂದು ದನದಿಂದ ಇನ್ನೊಂದಕ್ಕೆ ನೇರವಾಗಿ ಅಂಟುವುದಿಲ್ಲ. ಆದರೂ ಒಂದೇ ನೆಲದಲ್ಲಿ ಮೇದ ಒಂದೇ ವಯಸ್ಸಿನ ಕರುಗಳು ಸಾಲಾಗಿ ಬೀಳಬಹುದು. ಒಂದಕ್ಕೆ ಬಂದೊಡನೆ ಉಳಿದವನ್ನು ಆ ಮೇವಿನ ತಾಣದಿಂದ ಬೇರೆ ಕಡೆಗೆ ಸಾಗಿಸಿ, ವೈದ್ಯರ ಸಲಹೆಯಂತೆ ಲಸಿಕೆ ಹಾಕಿಸಬೇಕು.

ಸತ್ತ ದನದ ವಿಲೇವಾರಿ

ಇಂದು ಸತ್ತ ಒಂದು ಕರು, ಎಸೆದ ಜಾಗವನ್ನು ಮುಂದಿನ ಹತ್ತಾರು ವರ್ಷಗಳ ಕರುಗಳಿಗೆ ಅಪಾಯದ ತಾಣವಾಗಿ ಮಾಡಬಲ್ಲದು. ಆದ್ದರಿಂದ ಸತ್ತ ದನದ ತೊಗಲು ಸುಲಿಯಬಾರದು, ಹೊಟ್ಟೆ ಬಗೆಯಬಾರದು. ನೆರಡಿ ರೋಗದಲ್ಲಿಯೂ ದನ ದಿಢೀರನೆ ಸಾಯುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಆ ರೋಗವೇ ಇರಬಹುದು. ನೆರಡಿ ರೋಗ ಮನುಷ್ಯರಿಗೂ ಬರುತ್ತದೆ. ಯಾವ ರೋಗವೆಂದು ತಿಳಿಯದಿರುವಾಗ ಮುಟ್ಟದಿರುವುದೇ ಕ್ಷೇಮ.

ಬಾವಿ, ಕೆರೆ, ಹಳ್ಳಗಳಿಂದ ದೂರವಾಗಿ, ನೀರು ನಿಲ್ಲದ ಕಡೆ ಆರು ಅಡಿ ಆಳದ ಗುಂಡಿ ತೋಡಿ, ಸುಣ್ಣ ಹರಡಿ ಹೂಳಬೇಕು. ನಾಯಿ, ನರಿ, ಹಂದಿಗಳು ಕೆದರದಂತೆ ಮೇಲೆ ಮುಳ್ಳು, ಕಲ್ಲು ಹೇರಬೇಕು. ಅನುಕೂಲವಿದ್ದರೆ ಸುಡುವುದು ಇನ್ನೂ ಉತ್ತಮ. ದನ ಸತ್ತು ಬಿದ್ದ ಕಡೆಯ ಹುಲ್ಲು, ರಕ್ತ ಬಿದ್ದ ಮೇಲ್ಮಣ್ಣುಗಳನ್ನೂ ಗುಂಡಿಗೇ ಸೇರಿಸಬೇಕು. ಹೂತ ಜಾಗದಲ್ಲಿ ಮೇವು ಕೊಯ್ಯಬಾರದು, ಅದನ್ನು ಬೇಲಿ ಹಾಕಿ ಬಿಡಬೇಕು. ಹಂಗಳ, ಕುಂದಕೆರೆ ಮುಂತಾದ ಕಾಡಂಚಿನ ಹಳ್ಳಿಗಳವರು ಸತ್ತ ದನವನ್ನು ಕಾಡಿನ ಕಡೆ ಎಳೆದು ಹಾಕುವುದನ್ನು ಬಿಡಬೇಕು.

ಲಸಿಕೆ: ನಮ್ಮ ಮಳೆಗೆ ನಮ್ಮ ತಿಂಗಳು

ಇಷ್ಟೆಲ್ಲ ಕಷ್ಟವನ್ನು ಒಂದು ಚುಚ್ಚುಮದ್ದು ತಪ್ಪಿಸುತ್ತದೆ. ಆರು ತಿಂಗಳು ತುಂಬಿದ ಪ್ರತಿಯೊಂದು ಕರುವಿಗೂ ಚಪ್ಪೆ ರೋಗದ ಲಸಿಕೆ ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಹಾಕಿಸುತ್ತಿರಬೇಕು. ಗಳಲೆ ರೋಗಕ್ಕೂ ಚಪ್ಪೆ ರೋಗಕ್ಕೂ ಸೇರಿದ ಜೋಡಿ ಲಸಿಕೆಯೂ ಇದೆ.

‘ಮಳೆಗಾಲಕ್ಕೆ ಮುಂಚೆ’ ಎಂದರೆ ಸಾಮಾನ್ಯವಾಗಿ ಜೂನ್‌ಗೆ ಮುಂಚೆ ಎಂದು ತಿಳಿಯುವುದುಂಟು. ಮಲೆನಾಡಿಗೂ ಕರಾವಳಿಗೂ ಇದು ಸರಿ. ಚಾಮರಾಜನಗರ, ಗುಂಡ್ಲುಪೇಟೆಗಳ ಮಳೆಯ ಕ್ರಮವೇ ಬೇರೆ. ಇಲ್ಲಿ ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆ ಒಂದು ಹದ, ಸೆಪ್ಟೆಂಬರ್, ಅಕ್ಟೋಬರ್ ಮಳೆ ಇನ್ನೊಂದು ಹದ. ಜೋಳ, ಸೂರ್ಯಕಾಂತಿ ಬಿತ್ತುವುದೂ ಮೊದಲ ಹದ ನೋಡಿಯೇ. ಹುಲ್ಲು ಚಿಗುರುವುದೂ ಆಗಲೇ, ಬೇಸಿಗೆಯಲ್ಲಿ ಬಡಕಲಾದ ದನ ನೆಲ ಕೆರೆದು ಮೇಯುವುದೂ ಆಗಲೇ. ಲಸಿಕೆ ಹಾಕಿದ ದಿನವೇ ರಕ್ಷಣೆ ಬರುವುದಿಲ್ಲ, ಎರಡು ಮೂರು ವಾರ ಬೇಕು. ಆದ್ದರಿಂದ ಈ ಭಾಗದಲ್ಲಿ ಯುಗಾದಿಯ ಆಸುಪಾಸಿನಲ್ಲಿ, ಮಾರ್ಚ್ ತಿಂಗಳಲ್ಲಿ ಲಸಿಕೆ ಮುಗಿದಿರುವುದು ಒಳ್ಳೆಯದು. ಬಿತ್ತನೆ ಬೀಜ ಹೊಂದಿಸುವಾಗಲೇ ಲಸಿಕೆಯ ವಿಷಯವನ್ನೂ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ವಿಸ್ತರಣಾ ಕಾರ್ಯಕರ್ತರು ಊರಿನ ಆರು ತಿಂಗಳು ಮೀರಿದ ಕರುಗಳ ಪಟ್ಟಿಯನ್ನು ಫೆಬ್ರವರಿಯಲ್ಲೇ ಮಾಡಿ ಕೊಟ್ಟರೆ ಕೆಲಸ ಬಹಳ ಹಗುರವಾಗುತ್ತದೆ.

ಮೈ ತುಂಬಿದ ಕರುವಿಗೆ ಲಸಿಕೆಯೇಕೆ, ಬಡಕಲಿಗೆ ಹಾಕಿದರೆ ಸಾಕು ಎಂಬ ಮಾತು ಕೇಳಿಬರುತ್ತದೆ. ಈ ರೋಗ ಮೊದಲು ಹುಡುಕುವುದೇ ಮೈ ತುಂಬಿದ ಕರುವನ್ನು.

ಕಾಯಬಹುದಾದ ಕುಂಟುಗಳು

ಗೊರಸಿನ ತೊಂದರೆ: ಜ್ವರವಿಲ್ಲ, ಮೇವು ಬಿಟ್ಟಿಲ್ಲ, ಮೇಲೆಲ್ಲೂ ಊತವಿಲ್ಲ ಎಂದರೆ ಗೊರಸನ್ನು ತೊಳೆದು ನೋಡಬೇಕು. ಸೀಳಿನ ನಡುವೆ ಕಲ್ಲು, ಜಾಲಿ ಮುಳ್ಳು, ಮೊಳೆ ಸಿಕ್ಕಿರಬಹುದು. ಲಾಳ ಹೊಡೆಸಿದ ಮಾರನೆಯ ದಿನ ಹೋರಿ ಕುಂಟಿದರೆ ಮೊಳೆ ಜೀವಭಾಗಕ್ಕೆ ತಗುಲಿದೆ ಎಂದು ತಿಳಿದು ಆ ಲಾಳವನ್ನು ತೆಗೆಸಬೇಕು. ಮುಳ್ಳು ತೆಗೆದ ಮೇಲೆ ನಸುಗೆಂಪಾಗುವಷ್ಟು ಪೊಟ್ಯಾಸಿಯಮ್ ಪರ್ಮಾಂಗನೇಟ್ ಬೆರೆಸಿದ ನೀರಿನಲ್ಲಿ ತೊಳೆದು, ಟಿಂಚರ್ ಅಯೋಡಿನ್ ಹಚ್ಚಿ, ಒಣ ನೆಲದಲ್ಲಿ ಕಟ್ಟಬೇಕು.

ಮೂಳೆ ಮುರಿತ ಮತ್ತು ಕೀಲು ತಪ್ಪುವುದು: ಕಾಲು ಜೋತಾಡುತ್ತಿದ್ದರೆ, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡರೆ ಕರುವನ್ನು ನಡೆಸಲೇಬಾರದು. ಬಟ್ಟೆ ಸುತ್ತಿ, ಬಿದಿರಿನ ದಬ್ಬೆಗಳನ್ನು ಎರಡು ಕಡೆ ಇಟ್ಟು, ರಕ್ತ ಸಂಚಾರ ನಿಲ್ಲದಷ್ಟು ಬಿಗಿಯಾಗಿ ಕಟ್ಟಿ ವಾಹನದಲ್ಲಿ ಸಾಗಿಸಬೇಕು. ಎಳೆಗರುಗಳ ಮೂಳೆ ಬೇಗ ಕೂಡುತ್ತದೆ. ತಪ್ಪಿದ ಚಪ್ಪೆ ಕೀಲನ್ನು ಅದೇ ದಿನ ಕೂರಿಸುವುದು ಸುಲಭ, ತಡವಾದಷ್ಟೂ ಕಷ್ಟ.

ಮಂಡಿಚಿಪ್ಪು ಸಿಕ್ಕಿಕೊಳ್ಳುವುದು: ಹೋರಿ ಮಲಗಿ ಎದ್ದಾಗ ಹಿಂಗಾಲು ಕೋಲಿನಂತೆ ಹಿಂದಕ್ಕೆ ಚಾಚಿ ನಿಲ್ಲುತ್ತದೆ, ಗೊರಸಿನ ತುದಿ ನೆಲ ಕೆರೆಯುತ್ತದೆ. ನಾಲ್ಕು ಹೆಜ್ಜೆ ಹೋದ ಮೇಲೆ ಥಟ್ಟನೆ ಬಿಟ್ಟು ಮೊದಲಿನಂತಾಗುತ್ತದೆ. ಜ್ವರವಿಲ್ಲ, ಊತವಿಲ್ಲ, ಮೇವೂ ಸರಿ. ಮಂಡಿಚಿಪ್ಪು ಮೇಲೇರಿ ಮೂಳೆಯ ಏಣಿಗೆ ಸಿಕ್ಕಿಕೊಳ್ಳುವುದರಿಂದ ಹೀಗಾಗುತ್ತದೆ. ಚಿಪ್ಪಿನ ಒಳಬದಿಯ ಒಂದು ತಂತುವನ್ನು ಕತ್ತರಿಸುವ ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಇದು ಗುಣವಾಗುತ್ತದೆ. ಇದನ್ನು ತಿಳಿಯದೆ ‘ಕಾಲು ಹೋಯಿತು’ ಎಂದು ಒಳ್ಳೆಯ ಹೋರಿಯನ್ನು ಅಗ್ಗಕ್ಕೆ ಮಾರಿಬಿಡುವುದು ದೊಡ್ಡ ನಷ್ಟ.

ಮೂರು ದಿನದ ಜ್ವರ: ಮಳೆಗಾಲದಲ್ಲಿ ಕೀಟಗಳಿಂದ ಹರಡುವ ಈ ಜ್ವರದಲ್ಲಿ ಕುಂಟು ಇಂದು ಒಂದು ಕಾಲಿನಲ್ಲಿದ್ದರೆ ನಾಳೆ ಇನ್ನೊಂದರಲ್ಲಿರುತ್ತದೆ. ಜ್ವರ ಜೋರಾಗಿದ್ದರೂ ಚರಗುಟ್ಟುವ ಊತ ಇರುವುದಿಲ್ಲ. ಸಾಮಾನ್ಯವಾಗಿ ಮೂರು ದಿನದಲ್ಲಿ ಇಳಿಯುತ್ತದೆ. ಇದರಲ್ಲಿ ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ಗೊಟ್ಟದಲ್ಲಿ ಔಷಧಿ, ಗಂಜಿ ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿದು ದನ ಸಾಯಬಹುದು.

ಕಾಲುಬಾಯಿ ಜ್ವರ: ಕುಂಟಿನೊಡನೆ ಬಾಯಲ್ಲಿ ಹುಣ್ಣು, ಜೊಲ್ಲು ಇದ್ದು, ಹಲವು ದನಗಳಿಗೆ ಒಟ್ಟಿಗೆ ಬಂದರೆ ಇದೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಹಾಕುವ ಲಸಿಕೆಯನ್ನು ತಪ್ಪಿಸಬಾರದು.

ನೋವಿನ ಚುಚ್ಚುಮದ್ದಿನ ಬಗ್ಗೆ ಒಂದು ಎಚ್ಚರಿಕೆ

ಕುಂಟಿದ ದನಕ್ಕೆ ಅಂಗಡಿಯಿಂದ ನೋವಿನ ಚುಚ್ಚುಮದ್ದು ತಂದು ಹಾಕುವ ಅಭ್ಯಾಸ ಹೆಚ್ಚುತ್ತಿದೆ. ನೋವು ಮರೆಯಾದರೆ ಮುರಿದ ಕಾಲಿನ ಮೇಲೂ ದನ ಭಾರ ಹಾಕುತ್ತದೆ, ಚಪ್ಪೆ ರೋಗದ ಮೊದಲ ಗುರುತೂ ಮುಚ್ಚಿಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಡೈಕ್ಲೋಫೆನಾಕ್ ಹಾಕಿದ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ದೇಶದ ರಣಹದ್ದುಗಳು ಬಹುತೇಕ ನಾಶವಾದದ್ದು ಹೀಗೆ. ಆದ್ದರಿಂದ ಪಶುಗಳಿಗೆ ಈ ಔಷಧಿಯನ್ನು 2006ರಲ್ಲಿ ನಿಷೇಧಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ ನಿಷೇಧಿಸಲಾಯಿತು. ದಕ್ಷಿಣ ಭಾರತದಲ್ಲಿ ಉಳಿದಿರುವ ರಣಹದ್ದುಗಳ ಮುಖ್ಯ ನೆಲೆಗಳಲ್ಲಿ ಬಂಡೀಪುರ, ಮುದುಮಲೆ, ವಯನಾಡು ಕಾಡುಗಳು ಸೇರಿವೆ. ಅಂದರೆ ಆ ಹದ್ದುಗಳ ಉಳಿವು ಗುಂಡ್ಲುಪೇಟೆಯ ಕೊಟ್ಟಿಗೆಗಳನ್ನೂ ಅವಲಂಬಿಸಿದೆ. ನೋವಿಗೆ ಔಷಧಿ ಬೇಕೇ ಆದರೆ ವೈದ್ಯರು ಮೆಲಾಕ್ಸಿಕಾಮ್ ಕೊಡುತ್ತಾರೆ. ಅದು ಹದ್ದುಗಳಿಗೆ ಅಪಾಯಕಾರಿಯಲ್ಲ.

ಕುದುರೆ ಸಾಕುವವರಿಗೆ

ಮೆರವಣಿಗೆಗೆ, ಸವಾರಿಗೆ ಮರಿ ಕುದುರೆ ಸಾಕಿದವರೂ ಕೆಲವರಿದ್ದಾರೆ. ಕುದುರೆ ದಿಢೀರನೆ ಕುಂಟಿದರೆ ಮೊದಲು ಗೊರಸನ್ನೇ ನೋಡಬೇಕು. ಗೊರಸಿನೊಳಗೆ ಕೀವು ಕಟ್ಟುವುದು ಇದಕ್ಕೆ ಅತಿ ಸಾಮಾನ್ಯ ಕಾರಣ. ಗೊರಸಿಗೆ ಗಾಯವಾಗಿದ್ದರೆ ಧನುರ್ವಾಯು ತಡೆಯುವ ಚುಚ್ಚುಮದ್ದು ಕಡ್ಡಾಯ. ಆ ರೋಗಕ್ಕೆ ಕುದುರೆ ಬಹು ಬೇಗ ತುತ್ತಾಗುತ್ತದೆ. ಮಂಡಿಚಿಪ್ಪು ಸಿಕ್ಕಿಕೊಳ್ಳುವುದು ಎಳೆಯ ಕುದುರೆಗಳಲ್ಲಿಯೂ ಉಂಟು. ಬೆಳೆದು ತೊಡೆಯ ಮಾಂಸ ತುಂಬಿದಂತೆ ಕ್ರಮವಾದ ನಡಿಗೆಯಿಂದಲೇ ಅದು ಅನೇಕ ಸಲ ಸರಿಹೋಗುತ್ತದೆ. ಆದರೆ ಹುರುಳಿ, ಜೋಳ ತಿನ್ನಿಸಿ ಎರಡು ದಿನ ಕಟ್ಟಿಹಾಕಿ, ಮೂರನೆಯ ದಿನ ಓಡಿಸಿದ ಕುದುರೆಯ ಹಿಂಭಾಗ ಬಿಗಿದು, ಮೈ ಬೆವೆತು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ನಿಂತಲ್ಲೇ ನಿಲ್ಲಿಸಬೇಕು. ಮನೆಯವರೆಗೂ ನಡೆಸಬಾರದು. ವೈದ್ಯರನ್ನೇ ಅಲ್ಲಿಗೆ ಕರೆಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಕುಂಟು ಕಂಡೊಡನೆ ಮೆಲುಕು, ಜ್ವರ, ಊತ, ಉಳಿದ ದನಗಳು, ಈ ನಾಲ್ಕನ್ನೂ ನೋಡಬೇಕು.

2. ಎಳೆಯ ವಯಸ್ಸು, ಮಂಕು, ತೊಡೆಯಲ್ಲಿ ಊತ, ಇವು ಮೂರೂ ಕೂಡಿದರೆ ಚಪ್ಪೆ ರೋಗವೆಂದೇ ತಿಳಿದು ಆ ಗಂಟೆಯಲ್ಲೇ 1962ಕ್ಕೆ ಅಥವಾ ಪಶು ಆಸ್ಪತ್ರೆಗೆ ತಿಳಿಸಬೇಕು.

3. ಬರೆ ಹಾಕಬಾರದು, ಊತ ಕೊಯ್ಯಬಾರದು, ಅಂಗಡಿಯ ನೋವಿನ ಮದ್ದು ಚುಚ್ಚಬಾರದು.

4. ಸತ್ತ ದನವನ್ನು ಸುಲಿಯದೆ ಆರು ಅಡಿ ಆಳಕ್ಕೆ ಹೂಳಬೇಕು ಅಥವಾ ಸುಡಬೇಕು.

5. ಮೊದಲ ಹದ ಮಳೆಗೆ ಮುಂಚೆ, ಮಾರ್ಚ್‌ನಲ್ಲಿ, ಆರು ತಿಂಗಳು ತುಂಬಿದ ಕರುಗಳಿಗೆಲ್ಲ ಲಸಿಕೆ ಹಾಕಿಸಬೇಕು.

ಊರಿನಲ್ಲಿ ಹತ್ತು ಮನೆಯವರು ಲಸಿಕೆ ಹಾಕಿಸಿ ಒಬ್ಬನು ಬಿಟ್ಟರೆ, ಅವನ ಕರು ಸತ್ತು ಬಿದ್ದ ನೆಲದಲ್ಲಿ ಮುಂದೆ ಹನ್ನೊಂದು ಮನೆಯ ಕರುಗಳೂ ಮೇಯುತ್ತವೆ. ಆದುದರಿಂದ ಲಸಿಕೆಯ ದಿನ ನೆರೆಮನೆಯ ಕರುವನ್ನೂ ಹೊಡೆದುಕೊಂಡು ಬರುವುದು ನೆರೆಯವನಿಗೆ ಮಾಡುವ ಉಪಕಾರವೂ ಹೌದು, ತನ್ನ ಕೊಟ್ಟಿಗೆಯನ್ನು ಕಾಪಾಡಿಕೊಳ್ಳುವ ದಾರಿಯೂ ಹೌದು.